ಚಿಕ್ಕಪ್ಪನ ಸೊಟ್ಟ ಗದ್ದ

"ಹೇಗೂ ಕೊಯ್ತೀರಿ, ಹಾಗೇ ಈ ಸೊಟ್ಟ ಮೂತೀನೂ ನೆಟ್ಟಗೆ ಮಾಡ್ಬಿಡು ಮಗಳೇ," ಅಂದಿದ್ದರು ಚಿಕ್ಕಪ್ಪ. ಅವರ ಗದ್ದ ಮೊದಲಿನಿಂದಲೂ ಎಡಕ್ಕೆ ಸೊಟ್ಟ; ಈಗ ಬಲದವಡೆಯಲ್ಲಿ ಗಡ್ಡೆ. ನಾಳೆ ಬೆಳಿಗ್ಗೆ ಎಂಟಕ್ಕೆ ಆ ಮೂಳೆ ತೆಗೆದು, ಅದರ ಜಾಗಕ್ಕೆ ಕಾಲಿನ ಮೂಳೆಯ ತುಂಡು ಕೂರಿಸಬೇಕು. ಎಲ್ಲಿ ಕೊಯ್ಯಬೇಕು, ಹೇಗೆ ಜೋಡಿಸಬೇಕು ಎಂದು ಕಂಪ್ಯೂಟರಿನಲ್ಲಿ ಮೊದಲೇ ಗೆರೆ ಹಾಕಿಕೊಡುವುದು ಈ ಆಸ್ಪತ್ರೆಯಲ್ಲಿ ನನ್ನ ಕೆಲಸ.

ನೆಟ್ಟಗೆ ಮಾಡಿಯೇ ಬಿಟ್ಟೆ, ಮಹಾ ಬುದ್ಧಿವಂತೆ! ಎಡದವಡೆಯ ಆಕಾರವನ್ನೇ ಬಲಕ್ಕೆ ಮಗುಚಿ ಹಾಕಿದೆ. ಉಳಿಯುವ ಎಡಭಾಗವನ್ನೂ ತುಸು ತಿರುಗಿಸಿ ಗದ್ದವನ್ನು ಮೂಗಿನ ನೇರಕ್ಕೆ ತಂದೆ. ಡಾಕ್ಟರು ಒಪ್ಪಿದರು. ಕೊಯ್ಯುವಾಗ ಗೆರೆ ತಪ್ಪದಂತೆ ಮೂಳೆಗೆ ಹಿಡಿಯುವ ಪ್ಲಾಸ್ಟಿಕ್ ಅಚ್ಚುಗಳು ಮಧ್ಯಾಹ್ನದಿಂದ ತ್ರೀಡಿ ಪ್ರಿಂಟರಿನಲ್ಲಿ ತಯಾರಾಗುತ್ತಿದ್ದವು.

ಚಿಕ್ಕಮ್ಮನನ್ನು ಕರೆದು ತೋರಿಸಿದೆ, ಹೊಗಳಲಿ ಎಂದೇ. ಅವರು ಕನ್ನಡಕ ಏರಿಸಿ ನೋಡಿದರು.

"ಮದುವೆ ಗಂಡಿನ ಹಾಗೆ ಕಾಣ್ತಾರೆ. ಆದ್ರೆ ಪೆನ್ಸಿಲ್ ಎಲ್ಲಿ ಕಚ್ಕೋತಾರೆ?"

ಚಿಕ್ಕಪ್ಪ ಬಡಗಿ. ಎಡಗಡೆಯ ಹಲ್ಲುಗಳ ನಡುವೆ ಸದಾ ಒಂದು ಪೆನ್ಸಿಲ್. ಮೇಲಿನ ದವಡೆಯನ್ನೂ ತಂದು, ತೆರೆಯ ಮೇಲೆ ಬಾಯಿ ಮುಚ್ಚಿಸಿ ನೋಡಿದೆ. ನಾನು ತಿರುಗಿಸಿದ್ದರಿಂದ ಎಡಗಡೆಯ ಒಂದೇ ಒಂದು ಹಲ್ಲೂ ಮೇಲಿನದಕ್ಕೆ ಕೂಡುತ್ತಿರಲಿಲ್ಲ; ಬಲಗಡೆ ಹಲ್ಲೇ ಉಳಿಯುವುದಿಲ್ಲ. ಮುಖವೇನೋ ನೆಟ್ಟಗೆ, ಆದರೆ ಜೀವನಪೂರ್ತಿ ಒಂದು ತುತ್ತೂ ಅಗಿಯುವ ಹಾಗಿಲ್ಲ. ಹುಟ್ಟಿದಾಗಿನಿಂದ ಈ ಮುಖ ನೋಡಿದವಳು ನಾನು. ನಾಚಿಕೆಯಾಯಿತು.

ಪ್ರಿಂಟರ್ ನಿಲ್ಲಿಸಿದೆ. ಡಾಕ್ಟರಿಗೆ ಫೋನ್ ಮಾಡಿದೆ.

"ತಪ್ಪು ನಂದು ಸರ್. ಹಲ್ಲು ಕೂಡಲ್ಲ."

"ನಾನೂ ಬರೀ ಮುಖ ನೋಡ್ದೆ. ಆರು ಗಂಟೆಯೊಳಗೆ ಹೊಸದು ಕಳ್ಸು. ಇಲ್ದಿದ್ರೆ ನಾಳೆ ಕೈ ಹಾಕಲ್ಲ. ಗಡ್ಡೆ ಕಾಯಲ್ಲ, ನೆನಪಿರ್ಲಿ," ಅಂದರು.

ಹೊಸ ಗೆರೆ ಹಾಕಿ, ತೆರೆಯ ಮೇಲೆ ಮೂರು ಸಲ ಬಾಯಿ ಮುಚ್ಚಿಸಿ ನೋಡಿ, ಐದೂಮುಕ್ಕಾಲಿಗೆ ಕಳಿಸಿದೆ. ಗದ್ದ ಮತ್ತೆ ಎಡಕ್ಕೆ. ಅವರು ಒಪ್ಪಿದ ಮೇಲೆ ಪ್ರಿಂಟರ್ ಶುರುಮಾಡಿ ವಾರ್ಡಿಗೆ ಹೋದೆ.

"ಚಿಕ್ಕಪ್ಪ, ಮೂತಿ ಸೊಟ್ಟಗೇ ಇರುತ್ತೆ."

"ಅಗಿಯೋಕಾಗುತ್ತಲ್ಲ?"

"ಆಗುತ್ತೆ." ನಿನ್ನೆ 'ನೆಟ್ಟಗಾಗುತ್ತೆ' ಅಂತಲೂ ಇಷ್ಟೇ ಧೈರ್ಯವಾಗಿ ಹೇಳಿದ್ದೆ.

ಅವರು ದಿಂಬಿನಡಿಯಿಂದ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. "ಇಟ್ಕೊಂಡಿರು. ನಂಗೆ ವಾಪಸ್ ಬೇಕು."

ಅದರ ಮೇಲೆಲ್ಲ ಹಲ್ಲಿನ ಗುರುತು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಓಡಿಬಂದು, ತೆರೆಯ ಮೇಲಿನ ಆ ಬಾಯನ್ನು ನಾಲ್ಕನೇ ಸಲ ಮುಚ್ಚಿಸಿ ನೋಡಿದೆ.