ಮೂವರಿಗೂ ಒಂದೇ ಪಾಠ

"ಏಳನ್ನ ಎಂಟರಿಂದ ಭಾಗಿಸೋಕಾಗಲ್ಲ ಅಂತ ನೀನೇ ಹೇಳಿದ್ದೆ," ಎಂದ ಕ್ಯಾಲಮ್.

"ಅದು ಹೋದ ವರ್ಷ," ಎಂದಳು ಕೆರಿನ್. "ಈ ವರ್ಷ ಆಗುತ್ತೆ."

ಹತ್ತು ವರ್ಷದ ಮಗ ಅಮ್ಮನ ಮುಖವನ್ನೇ ಅಪನಂಬಿಕೆಯಿಂದ ನೋಡಿದ. ಆರು ವರ್ಷದ ಊನಾ ಮೇಜಿನ ಕೆಳಗೆ ಕೂತು ಅಮ್ಮನ ಅಂಗಿಯ ತುದಿ ಎಳೆಯುತ್ತಿದ್ದಳು. ಅವಳ ಪುಸ್ತಕದಲ್ಲಿ ಬಾತುಕೋಳಿಗೆ ಬಣ್ಣ ತುಂಬಬೇಕಿತ್ತು, ಹಳದಿ ಕ್ರೇಯಾನ್ ಮುರಿದುಹೋಗಿತ್ತು. ಒಲೆಯ ಮೇಲೆ ನೀರು ಕುದಿದು ಕುದಿದು ಅರ್ಧವಾಗಿತ್ತು. ಮೇಜಿನ ಆ ತುದಿಯಲ್ಲಿ ಹದಿಮೂರರ ಬ್ರೈಡಿ ದಪ್ಪ ಇತಿಹಾಸದ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಳು. ಅವಳದು ಒಂದು ದಿನವೂ ತಂಟೆಯಿಲ್ಲ. ದೊಡ್ಡವಳೊಬ್ಬಳಾದರೂ ತನ್ನ ಪಾಡಿಗೆ ತಾನು ಓದಿಕೊಳ್ಳುತ್ತಾಳಲ್ಲ ಎಂಬುದು ಕೆರಿನ್‌ಳ ಪಾಲಿಗೆ ಇದ್ದ ಒಂದೇ ಸಮಾಧಾನ.

ಮಕ್ಕಳನ್ನು ಶಾಲೆ ಬಿಡಿಸಿ ಎರಡು ವರ್ಷವಾಗಿತ್ತು. ಅವರ ಮನೆ ಕೊಲ್ಲಿಯ ದಂಡೆಯಲ್ಲಿ. ಗಂಡ ಲೈಲ್ ಅಲ್ಲೇ ನೀರಿನಲ್ಲಿ ಸಾಲು ಕಟ್ಟಿ ಬುಟ್ಟಿಗಳಲ್ಲಿ ಸಿಂಪಿ ಬೆಳೆಸುತ್ತಿದ್ದ. ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಬ್ರೈಡಿಗೆ ದಿನಾ ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಅಂದರು, ನೋವು ಮಾತ್ರ ಹೋಗಲಿಲ್ಲ. ಕೊನೆಗೆ ಕೆರಿನ್ ಮೂವರಿಗೂ ಮನೆಯಲ್ಲೇ ಕಲಿಸುತ್ತೇನೆಂದು ಶಿಕ್ಷಣ ಇಲಾಖೆಗೆ ಬರೆದು ಒಪ್ಪಿಗೆ ತಂದಳು. ಯಾವುದಕ್ಕೂ ಕೊರತೆಯಾಗಬಾರದೆಂದು ಒಬ್ಬೊಬ್ಬರ ತರಗತಿಗೆ ಒಂದೊಂದು ಪ್ರಕಾಶಕರಿಂದ ಬೇರೆ ಬೇರೆ ಪಠ್ಯ ತರಿಸಿದಳು. ಮೂರು ದೊಡ್ಡ ಪೆಟ್ಟಿಗೆಗಳು ಬಂದವು. ಊನಾ ಒಂದರೊಳಗೆ ಮನೆ ಮಾಡಿಕೊಂಡಳು. ಅಂದಿನಿಂದ ಕೆರಿನ್ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಮೇಜಿನ ಮೂರು ಬದಿಗೂ ಓಡಾಡುತ್ತಿದ್ದಳು. ಒಬ್ಬರಿಗೆ ರೋಮನ್ನರು, ಇನ್ನೊಬ್ಬರಿಗೆ ಜ್ವಾಲಾಮುಖಿ, ಮತ್ತೊಬ್ಬಳಿಗೆ ಬಾತುಕೋಳಿ.

ನವೆಂಬರ್ ಬಂದಿತ್ತು, ಭೂಮಿಯ ದಕ್ಷಿಣದ ಆ ಕಡೆ ಬೇಸಿಗೆ ಹತ್ತಿರವಾಗಿತ್ತು. ಇನ್ನು ಮೂರು ವಾರಕ್ಕೆ ಇಲಾಖೆಯ ಅಧಿಕಾರಿ ಮನೆಗೆ ಬಂದು ಮಕ್ಕಳ ಕೆಲಸ ನೋಡಿ, ಮುಂದಿನ ವರ್ಷದ ಯೋಜನೆ ಕೇಳುವವರಿದ್ದರು. ಮತ್ತೆ ಮೂರು ಪೆಟ್ಟಿಗೆ ತರಿಸುವುದೋ ಬೇಡವೋ ಎಂಬುದು ಕೆರಿನ್‌ಗೆ ತಲೆನೋವಾಗಿತ್ತು. ಗುರುವಾರ ಪಟ್ಟಣದ ಸಭಾಂಗಣದಲ್ಲಿ ಅವಳ ಹಾಗೆ ಮನೆಯಲ್ಲಿ ಕಲಿಸುವ ತಾಯಂದಿರು ಸೇರುತ್ತಿದ್ದರು. ಐದು ಮಕ್ಕಳ ತಾಯಿ ಜಾಸ್ಲಿನ್ ಅಲ್ಲಿ ಒಂದು ಸಿಲಬಸ್ಸಿನ ವಿಷಯ ಹೇಳಿದಳು. ಎಲ್ಲ ಮಕ್ಕಳಿಗೂ ಒಂದೇ ವಿಷಯ, ಒಟ್ಟಿಗೇ ಕೂತು ಕೇಳುವುದು, ಆಮೇಲೆ ಅವರವರ ವಯಸ್ಸಿಗೆ ತಕ್ಕ ಕೆಲಸ. ಲೆಕ್ಕ ಮತ್ತು ಓದು ಮಾತ್ರ ಬೇರೆ ಬೇರೆ. ಪಕ್ಕದಲ್ಲಿದ್ದ ಇನ್ನೊಬ್ಬಾಕೆ ತಕ್ಷಣ, ಅದರಲ್ಲಿ ಹಾಳಾಗುವವರು ದೊಡ್ಡ ಮಕ್ಕಳೇ, ಚಿಕ್ಕವರ ಜೊತೆ ಕೂತು ಚಿಕ್ಕವರೇ ಆಗುತ್ತಾರೆ ಅಂದಳು. ಆ ಮಾತು ಕೆರಿನ್‌ಳನ್ನು ಕಾರಿನಲ್ಲಿ ಮನೆಯವರೆಗೂ ಕಾಡಿತು. ಲೈಲ್‌ನನ್ನು ಕೇಳಿದರೆ, ನಿನಗೆ ಯಾವುದು ಸರಿ ಅನ್ನಿಸುತ್ತೋ ಅದು ಅಂದ. ಅವನು ಯಾವಾಗಲೂ ಅಷ್ಟೇ. ಮನೆಗೆ ಬಂದ ಕಾಗದಪತ್ರವೆಲ್ಲ ಓದಿ ತೀರ್ಮಾನ ಮಾಡುವವಳು ಅವಳೇ.

ಜಾಸ್ಲಿನ್ ಒಂದು ವಾರದ ಮಾದರಿ ಪಾಠ ಕಳಿಸಿದ್ದಳು. ವಿಷಯ ನಕಾಶೆ. ಸೋಮವಾರ ಕೆರಿನ್ ಮೂರೂ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ ಮೂವರನ್ನೂ ಸೋಫಾದ ಮೇಲೆ ಕೂರಿಸಿದಳು.

"ನಾನ್ಯಾಕೆ ಇವರ ಜೊತೆ?" ಎಂದಳು ಬ್ರೈಡಿ.

"ಒಂದೇ ಒಂದು ವಾರ. ಇಷ್ಟ ಆಗ್ಲಿಲ್ಲ ಅಂದ್ರೆ ಬಿಡು."

ಇನ್ನೂರು ವರ್ಷದ ಹಿಂದೆ ಪುಟ್ಟ ಹಡಗಿನಲ್ಲಿ ಕರಾವಳಿಯುದ್ದಕ್ಕೂ ಸಾಗುತ್ತ ದಂಡೆಯ ನಕಾಶೆ ಬರೆದ ಒಬ್ಬನ ಕಥೆ ಅದು. ಕೆರಿನ್ ಎರಡು ಪುಟ ಓದುವಷ್ಟರಲ್ಲಿ ಫೋನು ಬಡಿದುಕೊಂಡಿತು. ಬೋಟಿನಿಂದ ಲೈಲ್. ಸಮುದ್ರದ ಇಳಿತ ಮುಗಿದು ನೀರೇರುವುದರೊಳಗೆ ಟ್ರಾಕ್ಟರು ದಂಡೆಗೆ ಬರಬೇಕು, ಕೀಲಿ ಹುಡುಕಿ ನೀನೇ ತಾ ಎನ್ನುತ್ತಿದ್ದ. ಅವಳು ಪುಸ್ತಕವನ್ನು ಬ್ರೈಡಿಯ ಮಡಿಲಿಗೆ ಹಾಕಿ, ಮುಂದೆ ಓದಿ ಹೇಳುತ್ತಿರು ಎಂದು ಕೀಲಿ ಹುಡುಕಲು ಹೋದಳು.

ಅಡುಗೆಮನೆಯ ಡ್ರಾಯರುಗಳನ್ನು ಎಳೆಯುತ್ತಿದ್ದಾಗ ಬ್ರೈಡಿಯ ದನಿ ಕೇಳಿಸುತ್ತಿತ್ತು. ಚೆನ್ನಾಗಿ ಓದುತ್ತಿದ್ದಳು. ಗಾಳಿ ಬೀಸಿತು, ಹಡಗು ಮರಳದಿಬ್ಬಕ್ಕೆ ತಾಗಿತು, ನಕಾಶೆಯವನ ನಾಯಿ ನೀರಿಗೆ ಹಾರಿ ಈಜುತ್ತ ಹೋಗಿ ಎಲ್ಲಿ ಆಳವಿದೆ ಎಂದು ತೋರಿಸಿತು. ಊನಾ ಆಮೇಲೆ ಆಮೇಲೆ ಎನ್ನುತ್ತಿದ್ದಳು. ಕೀಲಿ ಸಿಕ್ಕಿತು. ಅದನ್ನು ಹಿಡಿದುಕೊಂಡು ಬಾಗಿಲ ಬಳಿ ಬಂದಾಗ ಕ್ಯಾಲಮ್ ಅಕ್ಕನ ಭುಜದ ಮೇಲಿಂದ ಪುಸ್ತಕಕ್ಕೆ ಬಗ್ಗಿದ್ದ.

"ಇದ್ರಲ್ಲಿ ನಾಯಿನೇ ಇಲ್ವಲ್ಲ," ಅಂದ. "ಏ, ಇದ್ಯಾವುದೂ ಇಲ್ಲಿ ಬರ್ದೇ ಇಲ್ಲ. ನೀನು ಬೇರೆ ಏನೋ ಹೇಳ್ತಿದೀಯ."

ಬ್ರೈಡಿಯ ಕತ್ತು ಕೆಂಪಗಾಯಿತು. ಪುಸ್ತಕ ಮುಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದಳು. ಆ ಒಂದು ನೋಟಕ್ಕೆ ಕೆರಿನ್‌ಗೆ ಎಲ್ಲ ಗೊತ್ತಾಯಿತು. ಗೊತ್ತಾಗಿದ್ದು ಅವಳ ಮುಖದಲ್ಲಿ ಕಂಡು ಹುಡುಗಿ ಎದ್ದು ಹಿಂಬಾಗಿಲಿನಿಂದ ಹೊರಗೆ ಹೋಗಿಬಿಟ್ಟಳು.

ಕೆರಿನ್ ಟ್ರಾಕ್ಟರು ದಂಡೆಗಿಳಿಸಿ ಗಂಡನ ಕೈಗೊಪ್ಪಿಸಿ ಸಿಂಪಿಯ ಸಾಮಾನಿಡುವ ಶೆಡ್ಡಿಗೆ ಹೋದಳು. ಬ್ರೈಡಿ ಬೋರಲು ಹಾಕಿದ ಡಬ್ಬದ ಮೇಲೆ ಕೂತು ಖಾಲಿ ಬುಟ್ಟಿಗಳ ಮುಚ್ಚಳಕ್ಕೆ ಕೊಂಡಿ ಹಾಕುತ್ತಿದ್ದಳು. ಕೆರಿನ್ ಇನ್ನೊಂದು ಡಬ್ಬ ಎಳೆದು ಪಕ್ಕದಲ್ಲಿ ಕೂತಳು. ತಾನೂ ಒಂದು ಬುಟ್ಟಿ ಎತ್ತಿಕೊಂಡಳು.

"ಯಾವಾಗಿನಿಂದ?" ಎಂದಳು.

"ಮೊದ್ಲಿಂದ್ಲೂ." ಹುಡುಗಿ ಇನ್ನೊಂದು ಕೊಂಡಿ ಹಾಕಿದಳು. "ಚಿಕ್ಕ ಚಿಕ್ಕದು ಓದ್ತೀನಿ. ದಪ್ಪ ಪುಸ್ತಕ ಆಗಲ್ಲ. ಒಂದು ಸಾಲು ಮುಗಿಸೋ ಹೊತ್ತಿಗೆ ಹಿಂದಿನ ಸಾಲು ಮರ್ತೇ ಹೋಗಿರುತ್ತೆ."

"ಮತ್ತೆ ನೀನು ಬರೆದ ಉತ್ತರ ಎಲ್ಲ?"

"ಉತ್ತರದ ಪುಸ್ತಕ ಫ್ರಿಜ್ ಮೇಲೆ ಇಟ್ಟಿರ್ತೀಯಲ್ಲ. ನೀನು ಊನಾ ಹತ್ರ ಇದ್ದಾಗ ನೋಡ್ಕೊಂಡು ಬರೀತಿದ್ದೆ. ಬೇಕಂತ್ಲೇ ಒಂದೆರಡು ತಪ್ಪು ಹಾಕ್ತಿದ್ದೆ, ನಿಂಗೆ ಅನುಮಾನ ಬರಬಾರ್ದು ಅಂತ."

ಆ ತಪ್ಪುಗಳಿಗೆ ಕೆರಿನ್ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಉಳಿದದ್ದಕ್ಕೆ ಜಾಣೆ ಎಂದು ಬರೆದಿದ್ದಳು. ಎರಡು ವರ್ಷ ಬರೆದಿದ್ದಳು.

"ಆಫೀಸರಿಗೆ ಹೇಳ್ತೀಯಾ?" ಎಂದಳು ಬ್ರೈಡಿ.

"ಹೇಳ್ಬೇಕಾಗುತ್ತೆ."

"ಹಾಗಾದ್ರೆ ನನ್ನ ಮತ್ತೆ ಆ ಬಸ್ ಹತ್ತಿಸ್ತಾರೆ. ಅಲ್ಲಿ ಎಲ್ರ ಮುಂದೆ ನಿಲ್ಸಿ ಓದಿಸ್ತಾರಮ್ಮ. ಹೊಟ್ಟೆನೋವು ಸುಳ್ಳಲ್ಲ, ನಿಜವಾಗ್ಲೂ ನೋಯ್ತಿತ್ತು."

"ಗೊತ್ತು ಪುಟ್ಟಿ." ಅವಳಿಗೆ ಗೊತ್ತಾದದ್ದು ಆಗ ತಾನೇ. "ಹತ್ತಿಸ್ತಾರೋ ಇಲ್ವೋ ನಂಗೆ ಗೊತ್ತಿಲ್ಲ. ಆದ್ರೆ ಮುಚ್ಚಿಟ್ರೆ ನೀನು ಇನ್ನೂ ಎರಡು ವರ್ಷ ಫ್ರಿಜ್ ಮೇಲೆ ಕೈ ಆಡಿಸ್ತಾನೇ ಇರ್ಬೇಕು. ಅದು ನಂಗೆ ಬೇಡ."

ಬ್ರೈಡಿ ಎರಡು ಬುಟ್ಟಿ ಮುಗಿಸಿದ ಮೇಲೆ ಅಮ್ಮನ ಕೈಯಲ್ಲಿದ್ದುದನ್ನು ತೆಗೆದುಕೊಂಡು, "ಉಲ್ಟಾ ಹಾಕಿದೀಯ. ಹೀಗೆ ಹಾಕಿದ್ರೆ ಮೊದಲ ಅಲೆಗೇ ಬಾಯಿ ತೆರ್ಕೊಳ್ಳುತ್ತೆ," ಎಂದು ಬಿಚ್ಚಿ ಸರಿಯಾಗಿ ಹಾಕಿಕೊಟ್ಟಳು.

ಊಟದ ಹೊತ್ತಿಗೆ ಲೈಲ್ ಬಂದಾಗ ಕೆರಿನ್ ವರಾಂಡದಲ್ಲಿ ಎಲ್ಲ ಹೇಳಿದಳು. ಅವನು ಬಿಚ್ಚಿದ ಬೂಟನ್ನು ಕೆಳಗಿಟ್ಟ. ಬೋಟಿನ ಲೈಸೆನ್ಸಿಗೆ ತಾನು ಮೂರು ಸಲ ಪರೀಕ್ಷೆ ಬರೆದಿದ್ದನ್ನು ಹೇಳಿದ. ಮೂರನೇ ಸಲ ಅಲ್ಲಿದ್ದವರೊಬ್ಬರು ಪ್ರಶ್ನೆಗಳನ್ನು ಓದಿ ಹೇಳಿದರಂತೆ, ಒಂದೂ ತಪ್ಪಲಿಲ್ಲವಂತೆ. ಹದಿನಾರು ವರ್ಷದ ಸಂಸಾರದಲ್ಲಿ ಈ ಮಾತು ಅವಳು ಕೇಳಿರಲಿಲ್ಲ.

"ಅವಳು ನನ್ನ ಮಗಳು ಕಣೇ," ಅಂದ. "ನಂಗೆ ಹೊಳೀಬೇಕಿತ್ತು."

ಆ ವಾರ ಪಾಠ ನಿಲ್ಲಲಿಲ್ಲ. ಕೆರಿನ್ ಓದಿದಳು, ಮೂವರೂ ಕೇಳಿದರು. ಅವರವರ ಕೆಲಸವೆಂದರೆ ಅವರವರ ನಕಾಶೆ. ಊನಾ ಮನೆಯಿಂದ ಬೋಟು ನಿಲ್ಲುವ ಕಟ್ಟೆಯವರೆಗಿನ ದಾರಿ ಬರೆದು, ಎಷ್ಟು ಹೇಳಿದರೂ ಕೇಳದೆ ಅದರಲ್ಲೊಂದು ನಾಯಿ ಬರೆದಳು. ಕ್ಯಾಲಮ್ ಅಂಗಳವನ್ನು ಹೆಜ್ಜೆಯಲ್ಲಿ ಅಳೆದು, ಹೆಜ್ಜೆಗೊಂದು ಚೌಕ ಹಾಕಿದ. ಏಳು ಹೆಜ್ಜೆಯ ಬೇಲಿಯನ್ನು ಎಂಟು ಸಮಭಾಗ ಮಾಡುವುದು ಹೇಗೆಂದು ಅವನಿಗೆ ಅಲ್ಲಿ ತಾನಾಗಿ ತಿಳಿಯಿತು. ಬ್ರೈಡಿ ಅಡುಗೆಮನೆಯ ಮೇಜಿನಷ್ಟು ದೊಡ್ಡ ಕಾಗದದ ಮೇಲೆ ಕೊಲ್ಲಿಯನ್ನು ಬರೆದಳು. ಯಾವ ದಿಬ್ಬ ಎಷ್ಟು ಇಳಿತಕ್ಕೆ ಕಾಣುತ್ತದೆ, ಎಲ್ಲಿ ಹುಲ್ಲು, ಎಲ್ಲಿ ಸೆಳೆತ, ಎಲ್ಲಿ ಅಪ್ಪನ ಸಾಲುಗಳು, ಎಲ್ಲವೂ ಅವಳ ತಲೆಯಲ್ಲಿತ್ತು. ಶುಕ್ರವಾರ ಲೈಲ್ ಅದರ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ತೆಂಕಣ ಮೂಲೆಯ ದಿಬ್ಬ ಹೋದ ಚಳಿಗಾಲ ಸರಿದಿರುವುದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ ಎಂದ.

ಆ ಶನಿವಾರ ಕೆರಿನ್ ಜಾಸ್ಲಿನ್ ಹೇಳಿದ ಸಿಲಬಸ್ಸನ್ನೇ ತರಿಸಲು ಹೇಳಿದಳು, ಮೂವರಿಗೂ ಒಂದೇ. ಮುಂದಿನ ವಾರ ಅದು ಬಂತು. ಅದರಲ್ಲಿ ಓದು ಕಲಿಸುವ ಭಾಗ ಊನಾಳಂಥವರಿಗೆಂದು ಬೇರೆಯಾಗಿತ್ತು: ಅಕ್ಷರ, ಸದ್ದು, ಪದ ಒಡೆಯುವುದು, ದಿನಕ್ಕೆ ಇಪ್ಪತ್ತು ನಿಮಿಷ. ಊನಾಳಿಗೆ ಅದನ್ನು ನೀನೇ ಕಲಿಸುತ್ತೀಯಾ ಎಂದು ಬ್ರೈಡಿಯನ್ನು ಕೇಳಿದಳು. ಹುಡುಗಿ ಪುಟಗಳನ್ನು ತಿರುವಿದಳು.

"ನನ್ನನ್ನ ಮೊದಲಿಂದ ಶುರು ಮಾಡಿಸ್ತಿದೀಯ, ಅಲ್ವಾ?"

"ಹೂಂ."

"ಊನಾಗೆ ಗೊತ್ತಾಗಬಾರ್ದು."

"ಅವಳಿಗೆ ಗೊತ್ತಾಗೋದು ನೀನು ಅವಳ ಟೀಚರ್ ಅಂತ ಅಷ್ಟೇ."

ಇದರ ಜೊತೆಗೆ, ಓದಲು ಕಷ್ಟಪಡುವ ಮಕ್ಕಳನ್ನು ನೋಡುವ ಒಬ್ಬಾಕೆ ಪಟ್ಟಣಕ್ಕೆ ತಿಂಗಳಿಗೊಮ್ಮೆ ಬರುತ್ತಾರೆಂದು ತಿಳಿದು ಹೆಸರು ಬರೆಸಿದಳು.

ಅಧಿಕಾರಿ ಶ್ರೀಮತಿ ಪಾಸ್ಕೋ ಬಂದ ದಿನ ಬಿಸಿಗಾಳಿ ಬೀಸುತ್ತಿತ್ತು. ಎತ್ತರದ ಹೆಂಗಸು, ಮಿತಭಾಷಿ. ನಿಂಬೆಯ ಪಾನಕ ಕುಡಿದು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ನೋಡಿದರು. ಹೇಗೆ ಶುರು ಮಾಡಬೇಕೆಂದು ಕೆರಿನ್ ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದಳು, ಅದರಲ್ಲಿ ಒಂದೂ ಈಗ ನೆನಪಾಗಲಿಲ್ಲ. ಶ್ರೀಮತಿ ಪಾಸ್ಕೋ ಊನಾಳ ನಕಾಶೆ ಎತ್ತಿ ಹಿಡಿದು, ಈ ನಾಯಿ ನಿಮ್ಮದಾ ಎಂದು ಕೇಳಿದರು.

"ಅದು ಬ್ರೈಡಿದು," ಎಂದಳು ಊನಾ.

ಕ್ಯಾಲಮ್ ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

"ಪುಸ್ತಕದಲ್ಲಿ ಇರ್ಲಿಲ್ಲ," ಎಂದಳು ಬ್ರೈಡಿ. "ನಂಗೆ ಓದೋಕಾಗ್ಲಿಲ್ಲ. ಅದಕ್ಕೇ ನಾನೇ ಕಟ್ಟಿ ಹೇಳ್ದೆ."

ಆಮೇಲೆ ಕೆರಿನ್ ಎಲ್ಲವನ್ನೂ ಹೇಳಿದಳು, ಫ್ರಿಜ್ಜಿನ ಮೇಲಿನ ಪುಸ್ತಕದ ಸಮೇತ. ಶ್ರೀಮತಿ ಪಾಸ್ಕೋ ಬರೆದುಕೊಂಡರು. ವಯಸ್ಸಿನಲ್ಲಿ ಇಷ್ಟು ಅಂತರವಿರುವ ಮೂವರಿಗೆ ಒಂದೇ ಪಠ್ಯ ಸಾಲುತ್ತದೆಯೇ ಎಂದು ಕೇಳಿದರು.

"ಮೂರು ಇದ್ದಾಗ ನಾನು ಪುಸ್ತಕಗಳನ್ನ ನೋಡ್ತಿದ್ದೆ," ಎಂದಳು ಕೆರಿನ್. "ಮಕ್ಕಳನ್ನ ನೋಡ್ಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟು, ನಿನಗಿಷ್ಟವಿದ್ದರೆ ಏನಾದರೂ ಓದು, ಇಲ್ಲದಿದ್ದರೆ ಬೇಡ ಎಂದು ಬ್ರೈಡಿಗೆ ಹೇಳಿದರು. ಬ್ರೈಡಿ ಎದ್ದುಹೋಗಿ ನಕಾಶೆಯ ಕಥೆಯನ್ನೇ ತಂದಳು. ಹಡಗು ದಿಬ್ಬಕ್ಕೆ ತಾಗುವ ಪುಟ. ಒಂದು ಪದ ಓದಿ ನಿಂತಳು, ಮತ್ತೊಂದಕ್ಕೆ ಹೋದಳು, ಉದ್ದನೆಯದನ್ನು ತುಂಡು ಮಾಡಿ ತುಂಡು ಮಾಡಿ ಜೋಡಿಸಿದಳು. ತಗಡಿನ ಮಾಡು ಬಿಸಿಲಿಗೆ ಚಟಪಟ ಎನ್ನುತ್ತಿತ್ತು. ಊನಾ ಹೇಳಿಕೊಡಲು ಹೊರಟಾಗ ಕ್ಯಾಲಮ್ ಅವಳ ಬಾಯಿಗೆ ಅಂಗೈ ಒತ್ತಿಹಿಡಿದ. ನಾಲ್ಕು ಸಾಲಿಗೆ ಆರು ನಿಮಿಷವಾಯಿತು. ಬ್ರೈಡಿಯ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು.

"ದಿಬ್ಬಕ್ಕೆ ತಾಗಿದ ಮೇಲೆ ಏನಾಯ್ತು?" ಎಂದು ಕೇಳಿದರು ಶ್ರೀಮತಿ ಪಾಸ್ಕೋ.

"ಪುಸ್ತಕದಲ್ಲಿರೋನು ಬರೀ ಉಬ್ಬರಕ್ಕೆ ಕಾದ," ಎಂದಳು ಬ್ರೈಡಿ. "ನಂದೇ ಚೆನ್ನಾಗಿತ್ತು."

ಅಧಿಕಾರಿ ಮೊದಲ ಸಲ ನಕ್ಕರು. ಒಪ್ಪಿಗೆ ಕೊಡುತ್ತೇನೆ, ಆದರೆ ವರ್ಷಕ್ಕೊಮ್ಮೆ ಬರುವವಳು ಈ ಮನೆಗೆ ಆರು ತಿಂಗಳಿಗೇ ಬರುತ್ತೇನೆ ಎಂದರು. ಹೊರಡುವ ಮುಂಚೆ ಕೊಲ್ಲಿಯ ದೊಡ್ಡ ನಕಾಶೆಯ ಮುಂದೆ ನಿಂತು, ಮೀನು ಹಿಡಿಯಲು ಎಲ್ಲಿ ಒಳ್ಳೆಯದೆಂದು ಕೇಳಿದರು. ಬ್ರೈಡಿ ಬೆರಳಿಟ್ಟು ತೋರಿಸಿದಳು.

ಮೇ ತಿಂಗಳ ಒಂದು ಬೆಳಿಗ್ಗೆ ಕೆರಿನ್ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಹೊರಟಿದ್ದಳು. ಹಿಂಬಾಗಿಲಿಗೆ ಹೋಗಬೇಕಾದರೆ ಮಕ್ಕಳಿದ್ದ ಕೋಣೆಯನ್ನು ಹಾದುಹೋಗಬೇಕು. ಒಳಗೆ ಬ್ರೈಡಿ ಊನಾಗೆ ಓದಿ ಹೇಳುತ್ತಿದ್ದಳು, ಈ ತಿಂಗಳ ಪಾಠ ಹಕ್ಕಿಗಳದು. ಸೈಬೀರಿಯಾದಿಂದ ಹಾರಿಬಂದು ಕೊಲ್ಲಿಯ ಕೆಸರಿನಲ್ಲಿ ಹುಳ ಹೆಕ್ಕಿ ಮತ್ತೆ ಹಾರಿಹೋಗುವ ಹಕ್ಕಿಗಳು. ದನಿ ನಿಧಾನವಾಗಿತ್ತು, ಒಂದೇ ಮಟ್ಟದಲ್ಲಿತ್ತು, ನಾಯಿಯ ಕಥೆಯ ದಿನದ ಓಟ ಅದರಲ್ಲಿರಲಿಲ್ಲ. ಒಂದು ಪದಕ್ಕೆ ತಡವರಿಸಿ ಏನೋ ಅಂದಳು. ಅಲ್ಲ, ಅದು 'ರೆಕ್ಕೆ' ಎಂದಳು ಊನಾ, ಪುಟಕ್ಕೆ ಇಣುಕಿ. ಹೌದು, ರೆಕ್ಕೆ, ಎಂದು ಬ್ರೈಡಿ ಮುಂದೆ ಓದಿದಳು.

ಕೆರಿನ್ ಬಾಗಿಲಾಚೆ ನಿಂತೇ ಇದ್ದಳು. ಬುಟ್ಟಿಯ ತಳದಿಂದ ನೀರು ತೊಟ್ಟಿಕ್ಕಿ ಅವಳ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಒಳಗೆ ಪುಟ ತಿರುಗಿದ ಸದ್ದಾಯಿತು.