ಬೋಟು ಹೋಗುವವರೆಗೆ

ಲುಲೊಂಗ್ ತನ್ನ ತಾಯಿ ಉಮಾಂಗಳ ದವಡೆಗೆ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಬಿಗಿಯುತ್ತಿದ್ದಾಗ ಉದ್ದಮನೆಯ ಯಜಮಾನ ಮಂಗಾಟ್ ಒಳಗೆ ಬಂದು ಬಾಗಿಲು ಹಾಕಿಕೊಂಡ.

"ಅಳು ಹೊರಗೆ ಕೇಳಿಸಬಾರದು," ಅಂದ. "ಮಧ್ಯಾಹ್ನ ಪ್ರವಾಸಿಗರ ಬೋಟು ಬರುತ್ತೆ. ಅದು ಹೋದ ಮೇಲೆ ಅಕ್ಕನ್ನ ಜಗಲೀಲಿ ಮಲಗಿಸೋಣ."

"ಮಾವ, ಅವ್ವ ಸತ್ತಿದ್ದಾಳೆ."

"ಗೊತ್ತಮ್ಮ. ಜಗಲಿಗೆ ತಂದ ಮೇಲೆ ತಾನೆ ಮನೆಗೆ ಸೂತಕ? ಅಲ್ಲೀವರೆಗೆ ಜಾಗಟೆ ಬಾರಿಸೋಕೆ ಅಡ್ಡಿಯಿಲ್ಲ."

ಎಷ್ಟು ಮೆತ್ತಗೆ ಹೇಳಿದ! ಊರಿನ ಎಲ್ಲ ಮನೆಗಳ ಬಾಗಿಲೂ ತೆರೆಯುವ ಆ ಒಂದೇ ಉದ್ದ ಜಗಲಿಯಲ್ಲಿ ಸತ್ತವರನ್ನು ಮಲಗಿಸಿ ಸುತ್ತ ಕೆಂಪು ನೇಯ್ಗೆಯ ಹೊದಿಕೆಗಳನ್ನು ಕಟ್ಟಿದರೆ ಮುಗಿಯಿತು, ಸೂತಕ ಕಳೆಯುವವರೆಗೆ ಆ ಸೂರಿನಡಿ ಕುಣಿತವಿಲ್ಲ, ಜಾಗಟೆಯಿಲ್ಲ, ರೇಡಿಯೋ ಕೂಡ ಇಲ್ಲ. ಹಿರಿಯರು ಮಾಡಿಟ್ಟ ಆ ಕಟ್ಟಳೆಯಲ್ಲೇ ಮಂಗಾಟ್ ನುಸುಳಲು ಒಂದು ಕಿಂಡಿ ಹುಡುಕಿಕೊಂಡಿದ್ದ.

"ಸಾಲುಜಾಗಟೆಗೆ ನೀನೇ ಕೂರಬೇಕು. ಅಕ್ಕನ್ನ ಬಿಟ್ರೆ ಅದು ನಿನಗಲ್ದೆ ಇನ್ಯಾರಿಗೆ ಬರುತ್ತೆ?"

ಮೂಲೆಯಲ್ಲಿ ಕೂತಿದ್ದ ಮುದುಕ ಜರಾವ್ ತಲೆಯೆತ್ತಿದ. ಉಮಾಂಗಳ ಜಾಗಟೆಗೆ ಜೀವಮಾನವೆಲ್ಲ ಕುಣಿದವನು ಅವನು. "ಹೆಣದ ಮುಂದೆ ನಿಂತು ಇದನ್ನ ಕೇಳೋಕೆ ನಾಲಿಗೆ ಹೆಂಗೆ ಬಂತೋ ನಿಂಗೆ?"

"ಇವತ್ತು ಕುಣಿತ ಇಲ್ಲ ಅಂದ್ರೆ ಬೋಟಿನ ಕಂಪನಿಯವರು ಇನ್ನೊಂದು ಉದ್ದಮನೆ ನೋಡ್ಕೋತಾರೆ. ಆಮೇಲೆ ಯಾರ ಮುಂದೆ ಕುಣೀತೀಯ ಅಣ್ಣ? ಕೋಳಿಗಳ ಮುಂದಾ?"

ಲುಲೊಂಗಳಿಗೆ ಮೈಯೆಲ್ಲ ಉರಿಯಿತು. ಆದರೂ ಕುಣಿತ ನಿಂತರೆ ಅವ್ವನ ಬಾರಿಸುವಿಕೆಯೂ ಅವಳ ಜೊತೆಗೇ ಮಣ್ಣಿಗೆ ಹೋಗುತ್ತದಲ್ಲ ಎಂಬ ಭಯ ಅವಳಿಗೂ ಇತ್ತು.

*

ಉಮಾಂಗ್ ಗದ್ದೆ ನೆಟ್ಟವಳು, ಮೆಣಸಿನ ಬಳ್ಳಿ ನೋಡಿಕೊಂಡವಳು, ಎಲ್ಲ ಹೆಂಗಸರಂತೆ ಬಾಳಿದವಳು. ಅವಳು ಹುಡುಗಿಯಾಗಿದ್ದಾಗ ಒಬ್ಬ ಕ್ರೈಸ್ತ ಬೋಧಕ ಬಂದು ಜಾಗಟೆ ಸೈತಾನನ ದನಿ ಅಂದ. ಜನ ತಮ್ಮ ಜಾಗಟೆಗಳನ್ನು ಹೊಳೆಗೆ ಹಾಕಿದರು. ಉಮಾಂಗಳ ತಾಯಿ ಮಾತ್ರ ತನ್ನವನ್ನು ಭತ್ತದ ಕಣಜದಲ್ಲಿ ಹೂತಿಟ್ಟು, ಮಗಳಿಗೆ ಬೋರಲು ಹಾಕಿದ ಪಾತ್ರೆಗಳ ಮೇಲೆ ಕಲಿಸಿದಳು. ಉಮಾಂಗ್ ಅದೇ ಪಾತ್ರೆಗಳ ಮೇಲೆ ಲುಲೊಂಗಳಿಗೆ ಕಲಿಸಿದಳು. "ಕೈ ಆಮೇಲೆ ಕಣೇ, ಮೊದ್ಲು ಕಿವಿ ಕೊಡು," ಅಂತ ಗೆಣ್ಣಿಗೆ ಬಡಿಯುತ್ತಿದ್ದಳು.

ಪ್ರವಾಸಿಗರು ಬರತೊಡಗಿದಾಗ ಅವಳು ಗೊಣಗಲಿಲ್ಲ. "ಯಾರಿಗೋ ಒಬ್ಬರಿಗೆ ಬಾರಿಸ್ತಿರಬೇಕು. ಇಲ್ದಿದ್ರೆ ಮರೆತುಹೋಗುತ್ತೆ," ಅನ್ನುತ್ತಿದ್ದಳು.

ಒಮ್ಮೆ ಮಾತ್ರ ಸಿಡಿದೆದ್ದಿದ್ದಳು. ಅವಳನ್ನು ದೂರದ ವರಸೆಯಿಂದ ಅಕ್ಕ ಅನ್ನುತ್ತಿದ್ದ ಮಂಗಾಟನ ಅಪ್ಪ ತೀರಿಕೊಂಡ ದಿನ ಬೋಟು ಬಂದಿತ್ತು. ಉಮಾಂಗ್ ಮನೆ ಹತ್ತುವ ಏಣಿಯ ಬುಡದಲ್ಲಿ ಎರಡೂ ಕೈ ಚಾಚಿ ನಿಂತಳು. "ಇವತ್ತು ಈ ಮನೇಲಿ ಸಾವಾಗಿದೆ. ನಿಮ್ಮ ಕ್ಯಾಮೆರಾ ಎತ್ಕೊಂಡು ನಡೀರಿ!" ಆ ದಿನ ಮಂಗಾಟ್ ಅವಳ ಕೈ ಹಿಡಿದು ಮಗುವಿನ ಹಾಗೆ ಅತ್ತಿದ್ದ.

*

ಬೋಟು ಬಂತು. ಅಕ್ಕಿ ಹೆಂಡದ ಲೋಟಗಳನ್ನು ಹಂಚಿದರು, ಅತಿಥಿಗಳು ಚಾಪೆಗಳ ಮೇಲೆ ಕೂತರು.

"ಯಾಕ್ರೀ ಎಲ್ಲರ ಮುಖ ಬಿದ್ದುಹೋಗಿದೆ?" ಅಂದ ಕಂಪನಿಯ ಗೈಡು. "ಸ್ವಲ್ಪ ನಗೋಕೆ ಹೇಳಿ ಯಜಮಾನ್ರೇ."

ಲುಲೊಂಗ್ ಹಗ್ಗದ ಮೇಲೆ ಸಾಲಾಗಿ ಜೋಡಿಸಿದ ಸಾಲುಜಾಗಟೆಯ ಮುಂದೆ ಕೂತಿದ್ದಳು. ಬೆನ್ನ ಹಿಂದೆಯೇ ಮುಚ್ಚಿದ ಬಾಗಿಲು. ಒಳಗೆ ಚಿಕ್ಕಮ್ಮಂದಿರು ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದರು. ಸ್ವಂತ ಅಕ್ಕನಿಗಾಗಿ ಅಳಲೂ ಅಪ್ಪಣೆ ಬೇಕಾದ ಮನೆ! ಅವಳು ಹಲ್ಲು ಕಚ್ಚಿಕೊಂಡು ಬಾರಿಸಿದಳು. ತಲೆಗೆ ಗರಿ ಸಿಕ್ಕಿಸಿಕೊಂಡ ಜರಾವ್ ಕಾಲೆಳೆಯುತ್ತ ಕುಣಿಯತೊಡಗಿದ.

ಗೈಡು ಮಂಗಾಟನ ಪಕ್ಕಕ್ಕೆ ಬಂದು ಬಾಗಿದ. "ಪೋಸ್ಟರಲ್ಲಿ ಇದಾರಲ್ಲ, ಆ ಅಜ್ಜಿ ಎಲ್ಲಿ? ಗೆಸ್ಟುಗಳಿಗೆ ಅವರ ಜೊತೆ ಫೋಟೋ ಬೇಕಂತೆ."

ಮಂಗಾಟ್ ನಕ್ಕ. "ಒಳಗೆ ಮಲಗಿದ್ದಾಳೆ."

"ಎಬ್ಬಿಸಿ ಮತ್ತೆ!"

ಲುಲೊಂಗಳ ಕೈ ನಿಂತಿತು.

ಅವಳು ಮೊದಲ ಜಾಗಟೆಯನ್ನು ಹಗ್ಗದ ಮೇಲಿಂದ ಎತ್ತಿ, ಸಾವಿನ ಮನೆಯಲ್ಲಿ ಇಡುವಂತೆ, ಚಾಪೆಯ ಮೇಲೆ ಬೋರಲು ಇಟ್ಟಳು. ಆಮೇಲೆ ಎರಡನೆಯದು.

"ಲುಲೊಂಗ್!" ಮಂಗಾಟ್ ಹಲ್ಲುಗಳ ನಡುವಿನಿಂದ ಗದರಿದ. "ಬೋಟು ಹೋಗ್ಲಿ ಅಂದಿದ್ನಲ್ಲ!"

"ನಿನ್ನ ಅಪ್ಪ ಸತ್ತಾಗ ನನ್ನವ್ವ ಬೋಟು ಕಾಯ್ತಾ ಕೂತಿದ್ಲಾ?"

ಅವನು ಕಣ್ಣು ತಪ್ಪಿಸಿದ. ಅವಳು ಉಳಿದವನ್ನೂ ಒಂದೊಂದಾಗಿ ಬೋರಲು ಹಾಕಿದಳು. ಜರಾವ್ ನಡುಜಗಲಿಯಲ್ಲಿ ನಿಂತು ತಲೆಯ ಗರಿ ಕಿತ್ತು ಕಂಕುಳಲ್ಲಿಟ್ಟುಕೊಂಡ. ಇದೂ ಆಟದ ಭಾಗವೇ ಅಂದುಕೊಂಡು ಅತಿಥಿಗಳು ಚಪ್ಪಾಳೆ ತಟ್ಟಿದರು.

ಲುಲೊಂಗ್ ಎದ್ದು ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದು, ಮುಂಜಾನೆಯಿಂದ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ "ಅವ್ವಾ!" ಎಂದು ಕೂಗಿದಳು. ಒಳಗಿನವರು ಬಾಯಿಂದ ಬಟ್ಟೆ ತೆಗೆದರು. ಪಕ್ಕದ ಬಾಗಿಲಿನ ಹೆಂಗಸರು ದನಿಗೂಡಿಸಿದರು, ಅದರಾಚೆಯವರೂ ದನಿಗೂಡಿಸಿದರು, ಅಳು ಬಾಗಿಲಿಂದ ಬಾಗಿಲಿಗೆ ಹರಿದು ಜಗಲಿಯ ಕೊನೆ ಮುಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.