ಎಲೆಗೆ ಅಡ್ಡ ಬಾರದ ಕೈ

ಬೇಗಾರಿನ ಮೀನಾಕ್ಷಮ್ಮ ವಾರವಾರ ಪತ್ರಿಕೆಯಲ್ಲಿ ಸೊಪ್ಪು, ತಂಬುಳಿಗಳ ಗುಣ ಬರೆಯುತ್ತಿದ್ದಳು. ಹೊಟ್ಟೆಯಲ್ಲಿ ಇನ್ನೂ ಜಾಗವಿರುವಾಗಲೇ ಎಲೆಗೆ ಕೈ ಅಡ್ಡ ಹಿಡಿಯಿರಿ ಎನ್ನುವುದು ಅವಳ ಖಾಯಂ ಉಪದೇಶ.

"ಹಿತ್ತಲ ಕಳೆ ತಿನ್ನಿ ಅನ್ನೂಕೆ ಪೇಪರ್ ಎಂತಕ್ಕೆ ಮಾರಾಯ್ತಿ?" ಎಂದು ಗಂಡನ ಅಣ್ಣ ಗಣೇಶಮೂರ್ತಿ ಎಲ್ಲರೆದುರೇ ನಗುತ್ತಿದ್ದ.

೨೦೦೬ರಲ್ಲಿ ಕೊಪ್ಪದಲ್ಲಿ ಅವನ ಮಗಳ ಮದುವೆ. ಅವನು ಗೋಬಿ ಮಂಚೂರಿಯ ಕೌಂಟರ್ ಹಾಕಿಸಿದ. ಮದುಮಗಳು ಹಟ ಹಿಡಿದು ಚಿಕ್ಕಮ್ಮನ ಒಂದೆಲಗದ ತಂಬುಳಿಯನ್ನೂ ಮಾಡಿಸಿದಳು.

ಗೋಬಿಯವನು ನೊಣ ಹೊಡೆಯುತ್ತ ನಿಂತ. ಪಂಕ್ತಿಯ ತುಂಬ "ತಂಬ್ಳಿ ಬರ್ಲಿ!" ಎಂಬ ಕೂಗು. ಬಡಿಸುವವರು ಸಾಲದೆ ಗಣೇಶಮೂರ್ತಿಯೇ ಪಂಚೆ ಎತ್ತಿಕಟ್ಟಿ ಪಾತ್ರೆ ಹಿಡಿದ. ಮೀನಾಕ್ಷಮ್ಮನ ಎದುರು ಬಂದು, ಬಗ್ಗಿ, "ಇನ್ನೊಂದು ಸೌಟು ಹಾಕ್ಲಾ?" ಎಂದ.

ಅವಳ ಹೊಟ್ಟೆ ಬಿರಿಯುವಂತಿತ್ತು. ಆದರೂ ಕೈ ಎಲೆಗೆ ಅಡ್ಡ ಬರಲಿಲ್ಲ.

"ಹಾಕಿ ಭಾವ, ಧಾರಾಳ ಹಾಕಿ."